ಮಂಡಿ ಊರಿದ್ದನ್ನು ಲೆಕ್ಕಕ್ಕೆ ಹಿಡಿದು, ಎದ್ದದ್ದನ್ನು ಹಿಡಿಯದಿರುವ ಕುರಿತು

ಮಾಜಿ ಸೈನಿಕರ ಕೀಲು ಮರುಪರಿಶೀಲನಾ ಶಾಖೆ
ಉತ್ತರ ಕ್ಯಾರೊಲೈನಾ, ಅಮೆರಿಕ
ಎರಡನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ಕೀಮಶಾ/ಮಂಡಿ/ಬಲ/10/30/0
ದಿನಾಂಕ: 9 ಅಕ್ಟೋಬರ್ 2023

ವಿಷಯ: ನಿವೃತ್ತ ಸಾರ್ಜೆಂಟ್ ಶ್ರೀ ಲಾನಿ ಆಕ್ಸೆಂಡೈನ್ ಅವರ ಬಲ ಮಂಡಿಯ ಸವೆತ ಹೆಚ್ಚಿರುವುದರಿಂದ ಅಂಗವಿಕಲತೆಯ ಪ್ರಮಾಣವನ್ನು ಶೇ. 10ರಿಂದ 30ಕ್ಕೆ ಏರಿಸುವಂತೆ ಕೋರಿರುವ ಬಗ್ಗೆ.

ಉಲ್ಲೇಖ:
(1) ಸದರಿಯವರ ಅರ್ಜಿ
(2) ಸ್ಥಳೀಯ ಪತ್ರಿಕೆಯ ಏಳನೇ ಪುಟದ ಚಿತ್ರ
(3) ಶ್ರೀಮತಿ ಅರ್ನೆಸ್ಟೀನ್ ಚಾವಿಸ್ ಅವರ ಪತ್ರ (ಕೋಪದ್ದು)

ಪ್ಯಾರಾಚೂಟ್ ದಳದಲ್ಲಿ ಇಪ್ಪತ್ತೆರಡು ವರ್ಷ ವಿಮಾನದಿಂದ ಜಿಗಿದ ಸದರಿಯವರು ಈಗ ತಮ್ಮ ಮನೆಯ ಮುಂದಿನ ಮೂರು ಮೆಟ್ಟಿಲನ್ನು ಕುಳಿತುಕೊಂಡು ಇಳಿಯುತ್ತಿದ್ದಾರೆ. ಶೇ. 30 ಆದಲ್ಲಿ ಮಾತ್ರ ಅಲ್ಲಿ ಇಳಿಜಾರು ಹಾದಿ ಮಂಜೂರಾಗುತ್ತದೆ. ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸಹಾನುಭೂತಿಯನ್ನು ಪ್ರತ್ಯೇಕ ಕಡತದಲ್ಲಿರಿಸಿ, ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ವೈದ್ಯರು ಹೇಗಿದ್ದೀರೆಂದು ಕೇಳಿದಾಗ ಸದರಿಯವರು ಎದೆ ಸೆಟೆಸಿ ನಿಂತು, "ಏನೂ ತೊಂದರೆ ಇಲ್ಲ ಸರ್. ನನಗಿಂತ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದ್ದಾರೆ" ಎಂದಿರುತ್ತಾರೆ. ಅದರಂತೆ ತೊಂದರೆ ಇಲ್ಲವೆಂದು ದಾಖಲಿಸಲಾಗಿದೆ. ಮಾಜಿ ಸೈನಿಕರೆಲ್ಲರೂ ಇದನ್ನೇ ಹೇಳುವುದರಿಂದ ಶಾಖೆಯ ಕೆಲಸ ಬಹಳ ಹಗುರವಾಗಿದ್ದು, ಅವರಿಗೆ ಕೃತಜ್ಞತೆ ಸಲ್ಲಿಸಲಾಗಿದೆ.

2. ಲಿಫ್ಟ್ ಇಲ್ಲದೆಯೂ ಪರೀಕ್ಷಾ ಕೊಠಡಿ ತಲುಪಿದವರು ಮೆಟ್ಟಿಲು ಹತ್ತಬಲ್ಲರೆಂದು ಪರಿಗಣಿಸತಕ್ಕದ್ದು. ತಲುಪದವರನ್ನು ಗೈರುಹಾಜರೆಂದು ಪರಿಗಣಿಸತಕ್ಕದ್ದು.

3. ಕುಳಿತುಕೊಂಡು ಮೆಟ್ಟಿಲಿಳಿಯುವುದನ್ನು ಜಾರುಬಂಡೆಯ ಬಾಬಿನಲ್ಲಿ ಸೇರಿಸಿ, ಮನರಂಜನೆ ಎಂದು ನಮೂದಿಸತಕ್ಕದ್ದು.

4. ಸದರಿಯವರು ಜೊತೆಗಾರ ಸೈನಿಕ ದಿವಂಗತ ಹರ್ಷೆಲ್ ಚಾವಿಸ್ ಅವರ ಶವಸಂಸ್ಕಾರದಲ್ಲಿ, ಸೇನಾ ಸಂಪ್ರದಾಯದಂತೆ ಮಡಿಸಿದ ರಾಷ್ಟ್ರಧ್ವಜವನ್ನು ಮೃತರ ಪತ್ನಿ ಅರ್ನೆಸ್ಟೀನ್ ಅವರ ಕೈಗಿಡಲು ಬಲ ಮಂಡಿಯೂರಿರುವುದು ಉಲ್ಲೇಖ (2)ರಲ್ಲಿ ಕಂಡುಬಂದಿದೆ. ಗುಮಾಸ್ತರು ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಪತ್ರಿಕೆಯ ಮೇಲಿಟ್ಟು ಅಳೆಯಲಾಗಿ, ಮಂಡಿ ಸೊಗಸಾಗಿ ಬಗ್ಗಿದೆ. ಆದ್ದರಿಂದ ಪ್ರಮಾಣವನ್ನು ಶೂನ್ಯಕ್ಕೆ ಇಳಿಸಲು ಪ್ರಸ್ತಾಪಿಸಲಾಗಿದೆ. ನಿಂತೇ ಕೊಡಬಹುದಿತ್ತಲ್ಲವೇ ಎಂಬ ಪ್ರಶ್ನೆಗೆ ಸದರಿಯವರು, "ಹರ್ಷೆಲ್ ಹೆಂಡ್ತಿಗೆ ನಿಂತ್ಕೊಂಡು ಕೊಡೋದಾ? ಅದಕ್ಕಿಂತ ನನ್ ಕಾಲೇ ಮುರ್ದು ಹೋಗ್ಲಿ ಸರ್" ಎಂದಿದ್ದಾರೆ. ಕಾಲು ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ.

5. ಶವಸಂಸ್ಕಾರದ ತರುವಾಯದ ಊಟದಲ್ಲಿ ಸದರಿಯವರು ಕಾಲರ್ಡ್ ಸೊಪ್ಪಿನ ಸ್ಯಾಂಡ್‌ವಿಚ್ ಎರಡನ್ನು ನಿಂತೇ ತಿಂದಿರುವುದು ದೃಢಪಟ್ಟಿದೆ. ಕುಳಿತರೆ ಏಳಲಾಗದೆಂಬ ಭಯದಿಂದ ನಿಂತರೆಂಬ ವಿವರಣೆ ತಡವಾಗಿ ಬಂದಿದೆ. ಭಯವು ಕೀಲಿನ ವ್ಯಾಪ್ತಿಗೆ ಬರುವುದಿಲ್ಲ.

6. ಉಲ್ಲೇಖ (3)ರಲ್ಲಿ ಶ್ರೀಮತಿ ಅರ್ನೆಸ್ಟೀನ್ ಅವರು, "ಬಗ್ಗಿದ್ದನ್ನ ಅಳೆದ್ರಲ್ಲ, ಎದ್ದಿದ್ದನ್ನ ಯಾರ್ರೀ ಅಳೆದ್ರು? ಎರಡು ಸಲ ಕೈಲಾಗ್ಲಿಲ್ಲ. ಮೂರನೇ ಸಲ ನನ್ ಹೆಗಲು ಹಿಡ್ಕೊಂಡು ಎದ್ರು. ಗಂಡನ್ನ ಮಣ್ಣಿಗಿಟ್ಟ ದಿನ ಇವ್ರನ್ನ ಎತ್ತಿ ನಿಲ್ಸಿದ್ದು ನಾನು. ಅಷ್ಟಾದ್ರೂ ಬಾಯಿಬಿಟ್ಟು ನೋವು ಅನ್ಲಿಲ್ಲ, ಪುಣ್ಯಾತ್ಮ!" ಎಂದು ತಿಳಿಸಿರುತ್ತಾರೆ. ನಮೂನೆಯಲ್ಲಿ ಬಗ್ಗುವುದಕ್ಕೆ ಕಲಂ ಇದ್ದು, ಏಳುವುದಕ್ಕೆ ಇರುವುದಿಲ್ಲ. ಈಗಿರುವ ನಮೂನೆಗಳು 2041ರವರೆಗೆ ಸಾಕಾಗುವುದರಿಂದ, ಅಲ್ಲಿಯವರೆಗೆ ಯಾರೂ ಏಳತಕ್ಕದ್ದಲ್ಲ.

7. ಆದಾಗ್ಯೂ ಸದರಿ ಹೆಗಲು ನೋಂದಣಿಯಾಗದ ಸಹಾಯಕ ಉಪಕರಣವೆಂದು ಕಂಡುಬಂದಿದೆ. ಇಳಿಜಾರು ಹಾದಿಯ ಬದಲಿಗೆ ಇದನ್ನೇ ಮಂಜೂರು ಮಾಡಬಹುದೇ ಎಂದು ನಿರ್ಧರಿಸಲು, ನವೆಂಬರ್ 6ರ ಬೆಳಿಗ್ಗೆ ಒಂಬತ್ತಕ್ಕೆ ಶ್ರೀ ಲಾನಿ ಅವರು ಮಂಡಿಯನ್ನೂ ಶ್ರೀಮತಿ ಅರ್ನೆಸ್ಟೀನ್ ಅವರು ಹೆಗಲನ್ನೂ ಮೂಲ ರೂಪದಲ್ಲಿ ಹಾಜರುಪಡಿಸತಕ್ಕದ್ದು. ದೃಢೀಕೃತ ನಕಲು ಸ್ವೀಕರಿಸುವುದಿಲ್ಲ.

(ಸಹಿ ಅಸ್ಪಷ್ಟ)
ಪ್ರಧಾನ ಕೋನ ಪರಿಶೀಲಕರು

ಪ್ರತಿಗಳು:
1. ಲಿಫ್ಟ್ ದುರಸ್ತಿ ಶಾಖೆ: ಅವಸರ ಮಾಡದಿರುವಂತೆ ಕೋರಿ.
2. ಗುಮಾಸ್ತರ ಮಗಳು: ಕೋನಮಾಪಕ ಕಡತದಲ್ಲಿದ್ದು, ತೀರ್ಮಾನದವರೆಗೆ ರೇಖಾಗಣಿತ ಮುಂದೂಡಲು.
3. ಶ್ರೀ ಲಾನಿ ಆಕ್ಸೆಂಡೈನ್: ಶೂನ್ಯದ ಪ್ರಸ್ತಾಪವನ್ನೂ ಮಂಡಿ-ಹೆಗಲುಗಳ ಹಾಜರಾತಿಯನ್ನೂ ದೂರವಾಣಿಯಲ್ಲಿ ತಿಳಿಸಿದಾಗ "ಪರವಾಗಿಲ್ಲ ಬಿಡಿ ಸರ್" ಎಂದಿರುವುದನ್ನು ಒಪ್ಪಿಗೆಯೆಂದು ದಾಖಲಿಸಿದೆ.
4. ಶ್ರೀಮತಿ ಅರ್ನೆಸ್ಟೀನ್ ಚಾವಿಸ್: ಅದೇ ಕರೆಯಲ್ಲಿ, ಶ್ರೀ ಲಾನಿ ಅವರ ಪಕ್ಕದಲ್ಲೇ ಇದ್ದು ಫೋನ್ ಕಸಿದುಕೊಂಡು "ಅವ್ರು ಹೇಳಲ್ಲ ಕಣ್ರೀ, ನಾನು ಹೇಳ್ತೀನಿ. ಹೆಗಲೂ ತರ್ತೀನಿ, ಬಾಯೀನೂ ತರ್ತೀನಿ" ಎಂದಿದ್ದು, ಬಾಯಿಗೆ ಪೂರ್ವಾನುಮತಿ ಪಡೆದಿರುವುದಿಲ್ಲ.
5. ಭದ್ರತಾ ಸಿಬ್ಬಂದಿ, ಮುಖ್ಯದ್ವಾರ: ಮೇಲ್ಕಂಡ ಬಾಯಿಯ ಸಂಬಂಧ ಮುನ್ನೆಚ್ಚರಿಕೆಗಾಗಿ.