ಪಾಡ ಅದೀ ನೀ?

ನಮ್ಮ ಕಾಕಾ ಒಂದು ಕಟ್ಟಡದ ಜೊತೆ ಸಂಸಾರ ಮಾಡಿದ ಮನುಷ್ಯ ಎಂದರೆ ನೀವು ನಗುತ್ತೀರಿ. ನಗಿರಿ! ನಾನೂ ನಕ್ಕವನೇ. ನಕ್ಕದ್ದಕ್ಕಾಗಿಯೇ ಈ ವಯಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕಾಕಾ ಎಂದರೆ ನಮ್ಮ ತಂದೆಯ ಕೊನೆಯ ತಮ್ಮ. ನಾನು ಎಪ್ಪತ್ತು ದಾಟಿದ್ದರೂ ಅವರಿಗೆ ಇನ್ನೂ ‘ಹುಡುಗ’. ಕಟ್ಟಡ ಎಂದರೆ ಸೊಲ್ಲಾಪುರದ ಪೇಟೆಯಲ್ಲಿ ಕೆಳಗೆ ನಮ್ಮ ಚಾದರದ ಅಂಗಡಿ, ಮೇಲೆ ಮನೆ ಇದ್ದ ಮೂರಂತಸ್ತಿನ ಕಾಂಕ್ರೀಟು. ಅಜ್ಜ ಕಲ್ಲು-ಕಟ್ಟಿಗೆಯ ಹಳೆಯ ವಾಡೆಯನ್ನು ಕೆಡವಿ, ಕಾಲ ಬದಲಾಯಿತೆಂದು ಇದನ್ನು ಎಬ್ಬಿಸಿದ್ದರು. ಬೂದಿ ಬಣ್ಣ. ಮುಂಭಾಗದ ತುಂಬ ಪಕ್ಕೆಲುಬಿನಂಥ ಉದ್ದುದ್ದ ಪಟ್ಟಿಗಳು. ನಡುವೆ, ಯಾರನ್ನೋ ಸಂಶಯದಿಂದ ನೋಡುವಂತೆ ಸಣ್ಣ ಸಣ್ಣ ಕಿಟಕಿಗಳು. ಮಳೆನೀರು ಇಳಿದ ಕರಿ ಗೆರೆಗಳಿಂದ ಥೇಟ್ ಅತ್ತ ಮುಖ! ರಿಕ್ಷಾದವರಿಗೆ ವಿಳಾಸವೇ ಬೇಕಿರಲಿಲ್ಲ. ‘ಭೂತ್ ಬಂಗಲಾ’ ಎಂದರೆ ಸಾಕು, ಬಾಗಿಲಿಗೇ ತಂದು ಬಿಡುತ್ತಿದ್ದರು.

ಬೆಳಿಗ್ಗೆ ಎದ್ದು ಜನ ದೇವರಿಗೆ ಕೈ ಮುಗಿಯುತ್ತಾರೆ. ಕಾಕಾ ಕಂಬಗಳನ್ನು ಕೋಲಿನಿಂದ ಕುಟ್ಟಿ, ಡಾಕ್ಟರರಂತೆ ಕಿವಿ ಹಚ್ಚಿ, “ಪಾಡ ಅದ” ಎನ್ನುತ್ತಿದ್ದರು. ನಮ್ಮ ಕಡೆ ಪಾಡ ಎಂದರೆ ಚಲೋ, ಕ್ಷೇಮ. ಜ್ವರ ಬಿಟ್ಟವನನ್ನು ಕೇಳಿದರೆ ‘ಈಗ ಪಾಡ’ ಎನ್ನುತ್ತಾನೆ. ಈ ಶಬ್ದವನ್ನು ದಯವಿಟ್ಟು ನೆನಪಿಡಿ. ನನ್ನ ಪಾಪವೆಲ್ಲ ಇದರೊಳಗೇ ಇದೆ.

ಕಂಬಗಳ ತಪಾಸಣೆ ಮುಗಿಸಿ ಕಾಕಾ ಮೆಟ್ಟಿಲ ಬುಡಕ್ಕೆ ಬರುತ್ತಿದ್ದರು. ಸೊಲ್ಲಾಪುರದ ಬೇಸಿಗೆಯಲ್ಲೂ ಅಲ್ಲಿ ಹಾಳು ಬಾವಿಯಂತೆ ತಂಪು, ಕತ್ತಲೆ. ಮುಖ ಮೇಲೆತ್ತಿ ಕೂಗುತ್ತಿದ್ದರು: “ಪಾಡ ಅದೀ ನೀ?” ಕ್ಷೇಮವಾಗಿದ್ದೀಯಾ ನೀನು?

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೇಲಿನ ಕತ್ತಲೆಯಿಂದ ಬರುತ್ತಿತ್ತು: “ಅದೀನೀ…”

ಪ್ರತಿಧ್ವನಿ ಎನ್ನುತ್ತೀರಿ, ಅಲ್ಲವೇ? ಹೈಸ್ಕೂಲಿನಲ್ಲಿ ನಾನೂ ಓದಿದ್ದೇನೆ ಸ್ವಾಮಿ! ಮೊದಲ ಶಬ್ದವನ್ನು ಗೋಡೆ ನುಂಗಿಕೊಂಡು ಉಳಿದದ್ದನ್ನು ಮರಳಿಸುತ್ತದೆ. ‘ಅದೀ ನೀ’ ಎಂದು ಕೇಳಿದ್ದು ‘ಅದೀನಿ’, ಅಂದರೆ ‘ಇದ್ದೇನೆ’ ಎಂಬ ಉತ್ತರದಂತೆ ಕೇಳಿಸುತ್ತದೆ. ಒಪ್ಪಿದೆ. ಆದರೆ ಪ್ರತಿಧ್ವನಿ ವಿಚಾರ ಮಾಡಿ ಉತ್ತರ ಕೊಡುವುದುಂಟೇ? ಒಂದೊಂದು ದಿನ ಎಷ್ಟು ತಡವಾಗುತ್ತಿತ್ತೆಂದರೆ ಕಾಕಾ ಕೋಲೂರಿ ಕಾಯುತ್ತ ನಿಲ್ಲಬೇಕಾಗುತ್ತಿತ್ತು. ಇನ್ನೂ ಒಂದು ಮಾತು. ಪಕ್ಕದಲ್ಲಿ ಕೂತು ಮಾತಾಡಿದರೂ ಕೇಳಿಸದ ಕಾಕಾನ ಕಿವಿಗೆ ಆ ಧ್ವನಿ ಮಾತ್ರ ಸರಿಯಾಗಿ ಕೇಳಿಸುತ್ತಿತ್ತು!

ಒಮ್ಮೆ ಮಧ್ಯಾಹ್ನ ಕರೆಂಟು ಹೋದಾಗ ನಾನು ಮೆಟ್ಟಿಲು ಹತ್ತುತ್ತಿದ್ದೆ. ಹಿಂದೆ ಯಾರೋ ಬಂದಂತಾಯಿತು. ನಿಂತೆ. ಆ ಹೆಜ್ಜೆ ಇನ್ನೊಂದು ಮೆಟ್ಟಿಲು ಹತ್ತಿ, ಆಮೇಲೆ ನಿಂತಿತು. “ಯಾರು?” ಎಂದೆ. “ಯಾರು?” ಎಂದಿತು ಮೇಲಿನಿಂದ. ಧ್ವನಿ ನನ್ನದಲ್ಲ, ಹೆಣ್ಣಿನದು. ಚಪ್ಪಲಿ ಅಲ್ಲೇ ಬಿಟ್ಟು ಇಳಿದೆ. ಇಳಿದೆನೋ ಉರುಳಿದೆನೋ!

ಕಾಕಾ ಗಲ್ಲಾದ ಮೇಲಿನಿಂದ ಏಳಲೂ ಇಲ್ಲ. “ಯಾಕ ಅಂಜತಿಯೋ ಹುಡುಗಾ? ಕತ್ತಲಿಯೊಳಗ ಅದಕ್ಕ ನಿನ್ನ ಗುರುತ ಹತ್ತಿಲ್ಲ. ಹೆಸರ ಹೇಳಬೇಕಿತ್ತು!”

ಇಂಥ ಕಟ್ಟಡವನ್ನು ಕೆಡವಿ ಹೊಸದು ಕಟ್ಟಬೇಕೆಂದು ಮನೆಯಲ್ಲಿ ಮಾತು ಶುರುವಾಯಿತು. ನನ್ನ ಮಗ ಹೇಳಿದ, “ಅಪ್ಪಾ, ವಾಡೆ ಇದ್ದಿದ್ದರ ಉಳಸೂಣು ಅಂತಿದ್ದೆ. ಈ ಸಿಮೆಂಟಿನ ಹೆಣಾ ಯಾರ ನೋಡಾಕ ಬರ್ತಾರ? ಹೊಸಾದಕ್ಕ ಲಿಫ್ಟ್ ಬರತದ.”

ಲಿಫ್ಟ್! ಕಿವಿಗಿಂತ ಮೊದಲು ನನ್ನ ಮೊಣಕಾಲಿಗೆ ಆ ಮಾತು ಕೇಳಿಸಿತು.

ವಿಷಯವನ್ನು ಕಾಕಾನ ಕಿವಿಯಲ್ಲಿ ಒದರಿದೆವು. “ವಾಡೆ ಕೆಡವುವಾಗೂ ನಮ್ಮಪ್ಪ ಇದ ಮಾತ ಆಡಿದ್ದ,” ಎಂದರು ಕಾಕಾ. “ಚಂದ ಇದ್ದದ್ದನ್ನ ಊರ ಮಂದಿ ಉಳಸ್ತಾರ. ಕುರೂಪಿಗೆ ಮನಿಯವರನ್ನ ಬಿಟ್ಟರ ಮತ್ತ ಯಾರ ಅದಾರೋ?”

ಆದರೂ ಬಿಲ್ಡರನ ಇಂಜಿನಿಯರನ್ನು ಕರೆಸಿದೆವು.

ಮರಾಠಿ ಹುಡುಗ, ಬಹಳ ಮರ್ಯಾದಸ್ಥ. ಮನೆಯ ಹಿರಿಯರ ಬಾಯಿಂದ ಕೇಳದೆ ಕೈ ಹಚ್ಚುವುದಿಲ್ಲ ಎಂದ. ಕಾಕಾನ ಮುಂದೆ ಬಗ್ಗಿ ಕೇಳಿದ: “ಆಜೋಬಾ, ಬಿಲ್ಡಿಂಗ ಠೇವಾಯಚೀ ಕೀ ಪಾಡಾಯಚೀ?” ಅಜ್ಜಾ, ಇಟ್ಟುಕೊಳ್ಳುವುದೋ, ಕೆಡವುವುದೋ?

ಕಾಕಾನ ಕಿವಿಗೆ ಬಿದ್ದದ್ದು ‘ಬಿಲ್ಡಿಂಗ’ ಒಂದೇ. ಕೊನೆಗೂ ಯಾರೋ ಅದರ ಕ್ಷೇಮ ವಿಚಾರಿಸುತ್ತಿದ್ದಾರೆಂದು ಮುಖ ಅರಳಿತು. ಕಂಬದ ಬೆನ್ನು ತಟ್ಟಿ, “ಪಾಡ! ಭಾಳ ಪಾಡ!” ಎಂದರು.

ಮರಾಠಿಯಲ್ಲಿ ‘ಪಾಡ’ ಎಂದರೆ ಕೆಡವು!

ಮನೆ ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗ ಬೆರಗಾಗಿ ನನ್ನ ಕಡೆ ತಿರುಗಿದ. “ಆಜೋಬಾ ಪಾಡಾ ಮ್ಹಣತಾತ. ಹೋಯ ನಾ?” ಕೆಡವು ಎನ್ನುತ್ತಾರೆ, ಹೌದಲ್ಲವೇ?

ಎರಡೂ ಭಾಷೆ ಬಲ್ಲವನು ನಾನು. ಹುಡುಗನಿಗೆ ತಿಳಿಸಿ ಹೇಳಲು ಒಂದು ಮಾತು ಸಾಕಿತ್ತು. ನಾನು “ಹೋ” ಎಂದೆ. ಹೌದು ಎಂದೆ.

“ಹೋ…” ಎಂದಿತು ಮೆಟ್ಟಿಲ ಕತ್ತಲೆ. ಎಲ್ಲರೂ ಮತ್ತೊಮ್ಮೆ ನಕ್ಕರು.

ಹೊಸದು ಏಳುವವರೆಗೆ ಕಾಕಾನನ್ನು ಕರೆದುಕೊಂಡು ಅಕ್ಕಲಕೋಟದ ನಮ್ಮ ಸಣ್ಣ ಮನೆಗೆ ಬಂದೆ. ಕೆಡವುವ ದಿನ ಕಾಕಾ ಹಟ ಹಿಡಿದು ಬಸ್ಸು ಹತ್ತಿದರು. ದಾರಿಯಲ್ಲಿ ಒಂದೇ ಪ್ರಶ್ನೆ: “ಕೆಡವ್ರಿ ಅಂತ ಯಾರ ಹೇಳಿದ್ರೋ?”

“ಎಲ್ಲಾರೂ, ಕಾಕಾ,” ಎಂದೆ.

ರಸ್ತೆಯ ಈಚೆ ನಿಂತು ನೋಡಿದೆವು. ಯಂತ್ರ ಮುಂದಿನ ಪಕ್ಕೆಲುಬುಗಳನ್ನು ಮುರಿಯಿತು. ಮೆಟ್ಟಿಲು ಬಿಸಿಲಿಗೆ ಬಿತ್ತು. ಆಗ ಕಾಕಾ ಬಾಯಿಗೆ ಕೈ ಹಿಡಿದು ಕೂಗಿದರು: “ಪಾಡ ಅದೀ ನೀ?”

ಯಂತ್ರದ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಆದರೆ ಯಂತ್ರ ತಟ್ಟನೆ ನಿಂತಿತು. ಅದನ್ನು ನಡೆಸುತ್ತಿದ್ದವನು ಕೆಳಗೆ ಹಾರಿ ಓಡಿ ಬಂದ. “ಆತ ಬಾಈ ಆಹೇ!” ಒಳಗೆ ಹೆಂಗಸೊಬ್ಬಳಿದ್ದಾಳಂತೆ! ಎಲ್ಲ ಮಹಡಿ ಹುಡುಕಿದರು. ಪಾರಿವಾಳಗಳಿದ್ದವು, ಅಷ್ಟೇ. ಅವನು ಮಾತ್ರ ಬೆವರು ಒರೆಸುತ್ತ ಕೇಳುತ್ತಲೇ ಇದ್ದ: “ಹೀ ಅದೀನಿ ಕೋಣ?” ಪಾಪ, ಕನ್ನಡ ಬಾರದವನು. ಆಕೆ ತನ್ನ ಹೆಸರು ಹೇಳಿದಳೆಂದು ತಿಳಿದಿದ್ದ! ಅದೀನಿ ಯಾರು?

ಯಾರೆಂದು ನನಗೆ ಆಗ ಹೊಳೆಯಿತು. ಕಾಕು, ಕಾಕಾನ ಹೆಂಡತಿ, ಕಡೆಯ ವರ್ಷಗಳಲ್ಲಿ ಮೇಲಿನ ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದಳು. ಗಿರಾಕಿ ಎದುರಿಗಿದ್ದರೂ ಕಾಕಾ ಗಲ್ಲಾ ಬಿಟ್ಟು ಎದ್ದು ಮೆಟ್ಟಿಲ ಬುಡದಿಂದ ಹೀಗೇ ಕೂಗುತ್ತಿದ್ದರು. ಆಕೆ ಮೇಲಿನಿಂದ ಅಷ್ಟನ್ನೇ ಹೇಳುತ್ತಿದ್ದಳು. ಆಕೆ ಹೋದ ಮೇಲೂ ಕಾಕಾ ಕೇಳುವುದನ್ನು ಬಿಡಲಿಲ್ಲ. ಕಟ್ಟಡ ಹೇಳುವುದನ್ನು ಬಿಡಲಿಲ್ಲ.

ಅಕ್ಕಲಕೋಟದ ಮನೆಯ ಗೋಡೆಗಳು ಮೂಕ. ಕಾಕಾ ಸುಮ್ಮನಿರುವವರೇ? ಯಾತ್ರಿಕರು ಇಳಿಯುವ ದೊಡ್ಡ ವಸತಿಗೃಹಕ್ಕೆ ನನ್ನನ್ನೂ ಎಳೆದುಕೊಂಡು ಹೋಗಿ, ಕಂಬ ಕುಟ್ಟಿ, ಮೆಟ್ಟಿಲ ಬುಡದಲ್ಲಿ “ಪಾಡ ಅದೀ ನೀ?” ಎಂದು ಕೂಗಿದರು. “ಕೋಣ ಆಹೇ ರೇ?” ಯಾರೋ ಅದು, ಎಂದು ಮೇಲಿನಿಂದ ಒಬ್ಬರು ಗದರಿಸಿದರು. ಕಾಕಾ ಮುಖ ಇಳಿಬಿಟ್ಟು ಬಂದರು. “ನಡಿಯೋ ತಮ್ಮಾ, ಇದು ಮರಾಠಿ ಬಿಲ್ಡಿಂಗ.”

ಅವತ್ತೇ ಧೈರ್ಯ ಮಾಡಿ ಹೇಳಿದೆ, “ಕಾಕಾ, ತಪ್ಪಾತ್ರಿ. ಅವತ್ತ ‘ಹೋ’ ಅಂದಾಂವ ನಾನ.”

“ಚಹಾ? ಬ್ಯಾಡ, ಈಗರೆ ಕುಡದೀನಿ,” ಎಂದರು.

ಅದನ್ನೇ ಇನ್ನೊಮ್ಮೆ ಒದರಿ ಹೇಳುವ ಎದೆ ನನಗಿಲ್ಲ. ನಿಮಗಾದರೂ ಹೇಳುತ್ತಿದ್ದೇನೆ.

ಮರುದಿನ ಮಧ್ಯಾಹ್ನ ಕಾಕಾ ಗೋಡೆಗೆ ಮುಖ ಮಾಡಿ ಕೇಳಿದರು: “ಪಾಡ ಅದೀ ನೀ?” ತಾಳಲಾರದೆ ಅಡುಗೆಮನೆಯಿಂದ ಗಟ್ಟಿಯಾಗಿ “ಅದೀನೀ…” ಎಂದೆ.

ಕಾಕಾ ತಿರುಗಿ ನೋಡಲಿಲ್ಲ. “ನೀ ಅಂತ ತಿಳೀತೋ ತಮ್ಮಾ. ಆಕಿ ಅಷ್ಟ ಲಗೂ ಹೇಳತಿರಲಿಲ್ಲ. ಉಸರ ಕೂಡಿಸ್ಕೋಬೇಕಾಗತಿತ್ತು ಆಕಿಗೆ. ಸ್ವಲ್ಪ ತಡದ ಹೇಳು.”

ಮತ್ತೆ ಕೇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದು ತಡೆದು ನಿಂತೆ.

“ಹಾಂ,” ಎಂದರು ಕಾಕಾ ಮೆಲ್ಲಗೆ, ಗೋಡೆಯ ಮೇಲೆ ಅಂಗೈ ಇಟ್ಟು. “ಈಗ ಪಾಡ.”

ನಾನಿನ್ನೂ ಬಾಯಿ ತೆರೆದಿರಲಿಲ್ಲ.