ಸುಸ್ತಿ ಹೆಬ್ಬಾಗಿಲಿನ ಕರ್ತೃಗಳಿಗೆ

ಮಾನ್ಯರೇ,

‘ಏಳೇ ದಿನದಲ್ಲಿ ಜಾಲತಜ್ಞರಾಗಿ’ ಎಂಬ ನೂರಾ ನಾಲ್ಕು ಪುಟಗಳ ಪರೀಕ್ಷಾ ಮಾರ್ಗದರ್ಶಿಯ ಕರ್ತೃಗಳೂ, ಕಂಪ್ಯೂಟರ್ ಲೋಕದ ಒಂದೇ ಒಂದು ಪದವನ್ನೂ ಇದ್ದಂತೆ ಇರಗೊಡದ ಛಲವಂತರೂ, ರಕ್ಷಾಪುಟದ ಹಿಂಬದಿಯಲ್ಲಿ ಗಲ್ಲಕ್ಕೆ ಕೈಯಾನಿಸಿ ನಮ್ಮಂಥವರ ಭವಿಷ್ಯವನ್ನು ಚಿಂತಿಸುತ್ತ ಕುಳಿತಿರುವವರೂ ಆದ ತಮ್ಮ ಸನ್ನಿಧಿಗೆ, ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷ ನೆಟ್‌ವರ್ಕ್ ಕೇಬಲ್ ಎಳೆದು ಈಗ ಅದೇ ಆಸ್ಪತ್ರೆಯಲ್ಲಿ ಹೊದಿಕೆ ಮಡಚುತ್ತಿರುವ ಹೆಂಗಸೊಬ್ಬಳ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಪುಸ್ತಕವನ್ನು ಓದಿ ಪರೀಕ್ಷೆಗೆ ಕೂರುವ ಪ್ರಮೇಯ ತಮಗೆ ಬಂದಿರಲಾರದಾದ್ದರಿಂದ ಈ ನಂಬಿಕೆಗೆ ಆಧಾರವೂ ಇದೆ.

ನನ್ನನ್ನು ನರ್ಸುಗಳು ತಂತಿಯಕ್ಕ ಎಂದು ಕರೆಯುತ್ತಾರೆ. ನಾಲ್ಕೂ ಮಹಡಿಗಳ ಫಾಲ್ಸ್ ಸೀಲಿಂಗಿನ ಮೇಲೆ ಬೆಕ್ಕಿನಂತೆ ತೆವಳಿ, ಲ್ಯಾಬಿನ ರಿಪೋರ್ಟು ವಾರ್ಡಿಗೆ, ವಾರ್ಡಿನ ಚೀಟಿ ಔಷಧಿ ಕೌಂಟರಿಗೆ ತಲುಪುವಂತೆ ಮಾಡಿದ ಪ್ರತಿಯೊಂದು ಕೇಬಲನ್ನೂ ಎಳೆದವಳು ನಾನು. ಅವೆಲ್ಲ ಬಂದು ಕೂಡುವ ಪುಟ್ಟ ಕೋಣೆ ಎಕ್ಸ್‌ರೇ ವಿಭಾಗದ ಪಕ್ಕದಲ್ಲಿದೆ, ಅದರ ಕೀಲಿ ಇಷ್ಟೂ ವರ್ಷ ನನ್ನ ಬಳಿಯೇ ಇತ್ತು. ಹೀಗಿರುವಾಗ ನಮ್ಮ ಸೂಪರಿಂಟೆಂಡೆಂಟರಿಗೆ ಅದೇನನ್ನಿಸಿತೋ, ನೆಟ್‌ವರ್ಕಿಂಗ್ ಪ್ರಮಾಣಪತ್ರವಿಲ್ಲದವರು ಮೊದಲ ಪರೀಕ್ಷೆಯ ನಂತರ ಆ ಕೋಣೆಗೆ ಕಾಲಿಡುವಂತಿಲ್ಲ, ಪರೀಕ್ಷೆಗೆ ಎರಡು ಅವಕಾಶ ಮಾತ್ರ, ಎರಡರಲ್ಲೂ ನಪಾಸಾದವರು ಕಾಯಮ್ಮಾಗಿ ಬಟ್ಟೆಯ ಉಗ್ರಾಣಕ್ಕೆ ಎಂದು ಸುತ್ತೋಲೆ ಹೊರಡಿಸಿದರು. ನಾನು ಅಂದೇ ಸಂಜೆ ಪುಸ್ತಕದಂಗಡಿಗೆ ಓಡಿದೆ.

ಅಂಗಡಿಯಾತ ನನ್ನ ಮುಂದೆ ಮೂರು ಪುಸ್ತಕ ಇಟ್ಟ. ಮೊದಲನೆಯದಕ್ಕೆ ಸಾವಿರದ ಇನ್ನೂರು ಪುಟ, ಅದನ್ನು ಎತ್ತಿಕೊಡುವಾಗ ಅವನ ಬೆನ್ನು ಹಿಡಿದುಕೊಂಡಿತು, ಆದರೂ ಬಿಡದೆ ‘ಇದನ್ನ ತಗೊಂಡೋರು ಒಬ್ರೂ ವಾಪಸ್ ಬಂದಿಲ್ಲ’ ಎಂದು ಹೊಗಳಿದ. ಅವರೆಲ್ಲ ಎಲ್ಲಿಗೆ ಹೋದರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಎರಡನೆಯದರಲ್ಲಿ ಬರೀ ಪ್ರಶ್ನೆಗಳು, ಕೊನೆಯಲ್ಲಿ ಅ, ಇ, ಇ, ಆ ಎಂದು ಉತ್ತರಗಳು, ನಡುವೆ ಕಾರಣ ಎಂಬ ಪದಾರ್ಥಕ್ಕೆ ಜಾಗವೇ ಇರಲಿಲ್ಲ. ಮೂರನೆಯದು ತಮ್ಮದು: ತೆಳ್ಳಗೆ, ಅಚ್ಚುಕಟ್ಟು, ಅಪ್ಪಟ ಕನ್ನಡ. ನಮ್ಮತ್ತೆ ಹೊಲಿಗೆ ಟೀಚರಾಗಿದ್ದವರು, ಎದುರಿಗೆ ಸಿಕ್ಕವರಿಗೆಲ್ಲ ಪರೀಕ್ಷೆ ಮಾಡುವ ಚಪಲ ನಿವೃತ್ತಿಯ ನಂತರವೂ ಅವರನ್ನು ಬಿಟ್ಟಿಲ್ಲ, ಅವರು ಓದುವುದು ಕನ್ನಡವೊಂದನ್ನೇ. ಮನೆಯಲ್ಲೇ ಪ್ರಶ್ನೆ ಕೇಳುವವರು ಸಿಕ್ಕರಲ್ಲ ಎಂದು ಖುಷಿಪಟ್ಟು ತಮ್ಮದನ್ನೇ ಆರಿಸಿಕೊಂಡೆ. ಪೂರಾ ಕಣ್ಣುಬಿಟ್ಟುಕೊಂಡೇ ಆರಿಸಿದೆ, ಆ ತಪ್ಪನ್ನು ಮಾತ್ರ ತಮ್ಮ ತಲೆಗೆ ಕಟ್ಟುವುದಿಲ್ಲ.

ಸ್ವಾಮಿ, ತಮ್ಮ ಭಾಷಾಭಿಮಾನವನ್ನು ಎಷ್ಟು ಕೊಂಡಾಡಿದರೂ ಸಾಲದು. ನಾವೆಲ್ಲ ಹುಟ್ಟಿದಾಗಿನಿಂದ ಪೋರ್ಟ್ ಎನ್ನುತ್ತಿದ್ದ, ಕೇಬಲ್ಲಿನ ತುದಿ ಸಿಕ್ಕಿಸುವ ಆ ಬಡ ತೂತನ್ನು ತಾವು ಬಂದರು ಮಾಡಿದಿರಿ. ಮಾಹಿತಿಯ ಪ್ಯಾಕೆಟ್ಟು ಪೊಟ್ಟಣವಾಯಿತು, ಕಂಪ್ಯೂಟರಿನ ವಿಳಾಸವನ್ನು ವಿಂಗಡಿಸುವ ಅಂಕಿಗಳ ಮಾಸ್ಕು ಮುಖವಾಡವಾಯಿತು, ಜಾಲಕ್ಕೆ ಸೇರಿದ ಕಂಪ್ಯೂಟರು, ಅಂದರೆ ಹೋಸ್ಟು, ಆತಿಥೇಯನಾಗಿ ಬಾಗಿಲಲ್ಲಿ ಕೈಮುಗಿದು ನಿಂತಿತು. ಪ್ಯಾಕೆಟ್ಟುಗಳಿಗೆ ದಾರಿ ತೋರಿಸುವ ರೂಟರ್ ಪೆಟ್ಟಿಗೆಯನ್ನು ತಾವು ಮಾರ್ಗದರ್ಶಿ ಎಂದು ಕರೆದಿರಿ, ಪುಸ್ತಕಕ್ಕೂ ಮಾರ್ಗದರ್ಶಿಯೆಂದೇ ಹೆಸರಿರುವುದರಿಂದ, ಮೂವತ್ತೊಂದನೇ ಪುಟದ ‘ಮಾರ್ಗದರ್ಶಿಯು ಬಿಸಿಯಾದಲ್ಲಿ ಐದು ನಿಮಿಷ ತಣಿಯಲು ಬಿಡಿ’ ಎಂಬ ಸೂಚನೆಯನ್ನು ಓದಿದ ನಮ್ಮತ್ತೆ, ಪುಸ್ತಕವನ್ನು ಮುಚ್ಚಿ ಫ್ಯಾನಿನ ಕೆಳಗಿಟ್ಟು ಗಡಿಯಾರ ನೋಡುತ್ತ ಕುಳಿತರು.

ಆದರೆ ತಮ್ಮ ಪ್ರತಿಭೆಗೆ ಕಿರೀಟವೆಂದರೆ ‘ಡಿಫಾಲ್ಟ್ ಗೇಟ್‌ವೇ’ಗೆ ತಾವು ದಯಪಾಲಿಸಿದ ಹೆಸರು. ಯಾವ ದಾರಿ ಹಿಡಿಯಬೇಕೆಂದು ತಿಳಿಯದ ಪ್ಯಾಕೆಟ್ಟುಗಳೆಲ್ಲ ತಮ್ಮ ವಿಭಾಗದಿಂದ ಹೊರಗೆ ಹೋಗಲು ಇರುವ ಒಂದೇ ಒಂದು ಬಾಗಿಲು ಅದು, ಅದು ಮುಚ್ಚಿದರೆ ಮನೆಯೇ ಮುಚ್ಚಿದಂತೆ. ಕಚೇರಿಯ ಕಾಗದಗಳಲ್ಲಿ ಸಾಲದ ಗಡುವು ತಪ್ಪಿಸಿದ ಡಿಫಾಲ್ಟರುಗಳನ್ನು ಸುಸ್ತಿದಾರರು ಎನ್ನುತ್ತಾರಲ್ಲ, ಆ ನಿಘಂಟನ್ನೇ ತಿರುವಿ ತಾವು ಅದಕ್ಕೆ ‘ಸುಸ್ತಿ ಹೆಬ್ಬಾಗಿಲು’ ಎಂದು ನಾಮಕರಣ ಮಾಡಿದಿರಿ. ಸುಸ್ತು ಎಂದರೆ ಆಯಾಸವೆಂದಷ್ಟೇ ಬಲ್ಲ ನಮ್ಮತ್ತೆ ‘ಪಾಪ, ಎಲ್ರೂ ಅದರಲ್ಲೇ ಓಡಾಡಿದ್ರೆ ಸುಸ್ತಾಗ್ದೆ ಇರುತ್ತೇನೇ’ ಎಂದು ಮರುಗಿದರು. ನನಗೂ ಆ ಅರ್ಥವೇ ಮನಸ್ಸಿಗೆ ಹಿಡಿಸಿಬಿಟ್ಟಿತು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತಾವು ಐದನೇ ದಿನದ ಪಾಠದಲ್ಲಿ ‘ಕಲಿತ ಪದಗಳನ್ನು ಚೀಟಿಯಲ್ಲಿ ಬರೆದು ಆಯಾ ವಸ್ತುಗಳಿಗೆ ಅಂಟಿಸಿದರೆ ಜನ್ಮಪೂರ್ತಿ ಮರೆಯುವುದಿಲ್ಲ’ ಎಂದು ಅಪ್ಪಣೆ ಕೊಡಿಸಿದ್ದೀರಿ. ಪಾಸಾಗಬೇಕೆಂಬ ಆಸೆ ಮನುಷ್ಯರಿಂದ ಏನೇನು ಮಾಡಿಸುತ್ತದೆ ನೋಡಿ: ನಾನು ಕೋಣೆಯ ಹಳೆಯ ಚೀಟಿಗಳನ್ನೆಲ್ಲ ಕಿತ್ತು, ಬಂದರು ಒಂದರಿಂದ ಬಂದರು ತೊಂಬತ್ತಾರರವರೆಗೆ, ಹೆಬ್ಬಾಗಿಲು ಮಾರ್ಗದರ್ಶಿ ಯಾವುದನ್ನೂ ಬಿಡದೆ, ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದೆ. ಹೆಬ್ಬಾಗಿಲಿನ ನೀಲಿ ಕೇಬಲ್ಲಿನ ಪುಟ್ಟ ಚೀಟಿಯಲ್ಲಿ ‘ಸುಸ್ತಿ’ ಎಂಬುದಕ್ಕಷ್ಟೇ ಜಾಗ ಸಿಕ್ಕಿತು.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಬಿಡಿಸಿದರೆ, ಅಲ್ಲಿ ಪೋರ್ಟು ಪೋರ್ಟಾಗಿಯೇ ಇತ್ತು! ಹದಿನಾಲ್ಕು ವರ್ಷ ನನ್ನ ಬಾಯಲ್ಲಿದ್ದ ಪದಗಳನ್ನು ನಾನೇ ಗುರುತು ಹಿಡಿಯಲಾರದೆ, ಒಂದೊಂದನ್ನೂ ತಮ್ಮ ಕನ್ನಡಕ್ಕೆ ಒಯ್ದು, ಅಲ್ಲಿ ಅರ್ಥಮಾಡಿಕೊಂಡು, ಮತ್ತೆ ಎಳೆದು ತರುವಷ್ಟರಲ್ಲಿ ಗಂಟೆ ಹೊಡೆಯಿತು. ವಿವರಿಸಿ ಬರೆಯುವ ಪ್ರಶ್ನೆಗೆ, ಆತಿಥೇಯನನ್ನು ಬೀಳ್ಕೊಂಡ ಪೊಟ್ಟಣವು ಮುಖವಾಡ ಧರಿಸಿ ಬಂದರಿನಿಂದ ಹೊರಟು ಸುಸ್ತಿ ಹೆಬ್ಬಾಗಿಲನ್ನು ದಾಟಿದ ಬಗೆಯನ್ನು ಎರಡು ಪುಟ ಬರೆದಿದ್ದೆ. ಪರೀಕ್ಷಕರು ಅಂಚಿನಲ್ಲಿ ‘ಕಥಾಸ್ಪರ್ಧೆ ಬೇರೆ ಕಡೆ ನಡೆಯುತ್ತದೆ’ ಎಂದು ಕೆಂಪಕ್ಷರದಲ್ಲಿ ಬರೆದರು. ಎರಡು ಅಂಕದಲ್ಲಿ ನಪಾಸಾದೆ. ಎರಡನೆಯ ಅವಕಾಶ ಬರುವವರೆಗೆ ಉಗ್ರಾಣದಲ್ಲಿರಿ ಎಂದರು, ಕೀಲಿಯನ್ನು ಪ್ರಮಾಣಪತ್ರವಿರುವ ಹೊಸ ಅಧಿಕಾರಿಯ ಅಂಗೈಗೆ ಹಾಕಿ ಹೋದೆ.

ಆತ ಒಳ್ಳೆಯ ಹುಡುಗ, ಶಿಸ್ತಿನವನು, ಬಂದ ವಾರವೇ ಕೋಣೆಯನ್ನು ಪರಿಶೀಲಿಸಿದ. ನೀಲಿ ಕೇಬಲ್ಲಿನ ಮೇಲೆ ‘ಸುಸ್ತಿ’ ಎಂದಿದ್ದುದನ್ನು ಕಂಡು, ದಣಿದದ್ದು, ಕೆಟ್ಟದ್ದು, ಬದಲಾಯಿಸಬೇಕಾದದ್ದು ಎಂದು ತಿಳಿದು ಕಿತ್ತು ಪಕ್ಕಕ್ಕಿಟ್ಟ. ಇಡೀ ಆಸ್ಪತ್ರೆ ಮೂಕವಾಯಿತು. ಲ್ಯಾಬಿನವರು ರಿಪೋರ್ಟು ಕಳಿಸಿದ್ದೇವೆ ಎಂದರೆ, ವಾರ್ಡಿನವರು ಬಂದಿಲ್ಲ ಎಂದರು. ಆಪರೇಷನ್ ಕೋಣೆಯ ಹೊರಗೆ ಹಿರಿಯರೊಬ್ಬರು ಸ್ಟ್ರೆಚರಿನ ಮೇಲೆ ಚಾವಣಿ ನೋಡುತ್ತ ತಮ್ಮ ರಕ್ತದ ರಿಪೋರ್ಟಿಗೆ ಕಾಯುತ್ತಿದ್ದರು. ನರ್ಸೊಬ್ಬಳು ಉಗ್ರಾಣಕ್ಕೆ ಓಡಿಬಂದು ‘ತಂತಿಯಕ್ಕಾ, ಬೇಗ ಬನ್ನಿ’ ಎಂದು ನನ್ನ ಕೈಯಲ್ಲಿದ್ದ ಹೊದಿಕೆಯನ್ನು ಕಸಿದು ಬಿಸಾಕಿದಳು.

ಹೋದೆ. ಒಳಗೆ ಕಾಲಿಡುವಂತಿಲ್ಲವಲ್ಲ, ಹೊಸ್ತಿಲಾಚೆ ನಿಂತು ‘ಆ ನೀಲಿ ವಯರು ಯಾಕೆ ಕಿತ್ರಿ ಸಾರ್’ ಎಂದೆ. ‘ಸುಸ್ತಿ ಅಂತ ಬರ್ದಿತ್ತಲ್ಲಮ್ಮಾ’ ಎಂದು ಆತ ಕಣ್ಣುಕಣ್ಣು ಬಿಟ್ಟ. ಎಲ್ಲಿಂದ ಕಿತ್ತೆನೆಂಬುದೂ ಅವನಿಗೆ ನೆನಪಿರಲಿಲ್ಲ. ಮೇಲಿನಿಂದ ಎರಡನೇ ಸಾಲು, ಎಡಗಡೆಯಿಂದ ಮೂರನೆಯದು ಎಂದು ಅಲ್ಲಿಂದಲೇ ಕೂಗಿ ಹೇಳಿ ಹಾಕಿಸಿದೆ. ದೀಪಗಳು ಮಿಣಮಿಣ ಎಂದವು, ಆ ಹಿರಿಯರು ಒಳಗೆ ಹೋದರು, ದೇವರ ದಯೆ, ಈಗ ಚೆನ್ನಾಗಿದ್ದಾರೆ. ಆದರೆ ಆ ಚೀಟಿ ಬರೆದ ಕೈ ನನ್ನದೇ. ಅವರಿಗೇನಾದರೂ ಆಗಿದ್ದರೆ ಎಂದು ನೆನೆಸಿಕೊಂಡು ಅಂದು ಹೊದಿಕೆಗಳ ರಾಶಿಯ ಹಿಂದೆ ಕುಳಿತು ಅತ್ತುಬಿಟ್ಟೆ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಸಣ್ಣಪುಟ್ಟ ಕೋರಿಕೆಗಳಿವೆ. ಎರಡನೇ ಪರೀಕ್ಷೆಗೆ ಇನ್ನು ಇಪ್ಪತ್ತು ದಿನವಿದೆ, ಅಷ್ಟರೊಳಗೆ ದಯಮಾಡಿ ನಮ್ಮ ಮನೆಗೆ ಬಂದು, ನನ್ನ ತಲೆಯೊಳಗೆ ತಾವು ಕಟ್ಟಿಸಿರುವ ತೊಂಬತ್ತಾರು ಬಂದರುಗಳನ್ನೂ ಖುದ್ದಾಗಿ ತೆರವು ಮಾಡಿಸಿಕೊಡಬೇಕು. ಬರುವಾಗ ನಮ್ಮತ್ತೆಯವರ ಪ್ರಶ್ನೆಗಳಿಗೆ ಸಿದ್ಧರಾಗಿ ಬನ್ನಿ, ಏಕೆಂದರೆ ಪೊಟ್ಟಣ ದಾರಿಯಲ್ಲಿ ಕಳೆದುಹೋದರೆ ಆತಿಥೇಯ ಯಾಕೆ ಹುಡುಕಿಕೊಂಡು ಹೋಗುವುದಿಲ್ಲ, ಅವನೆಂಥ ಮನುಷ್ಯ ಎಂದು ಅವರು ತಿಂಗಳಿಂದ ಕೇಳುತ್ತಿದ್ದಾರೆ. ಅದು ತಮ್ಮಿಂದಾಗದಿದ್ದರೆ, ಪ್ರಶ್ನೆಪತ್ರಿಕೆ ಮಾಡುವವರ ಮನವೊಲಿಸಿ ಇಡೀ ಪರೀಕ್ಷೆಯನ್ನು ತಮ್ಮ ಕನ್ನಡದಲ್ಲೇ ನಡೆಸುವಂತೆ ಮಾಡಿ; ಆಗ ಲೋಕದಲ್ಲಿ ಪಾಸಾಗುವವರು ನಾನು ಮತ್ತು ನಮ್ಮತ್ತೆ ಇಬ್ಬರೇ. ಅದೂ ಆಗದಿದ್ದರೆ ಒಂದೇ ಒಂದು ದಿನ ಆ ಕೇಬಲ್ಲುಗಳ ಮುಂದೆ ನಿಂತು, ಸ್ಟ್ರೆಚರಿನ ಮೇಲೆ ಒಬ್ಬರು ಕಾಯುತ್ತಿರುವಾಗ, ತಮ್ಮ ಪುಸ್ತಕವನ್ನು ತಾವೇ ತೆರೆದು ಉಪಯೋಗಿಸಿ ನೋಡಿ.

ಹೆಚ್ಚು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರವನ್ನು ತಾವು ಯಾವುದಕ್ಕೂ ಅನುವಾದ ಮಾಡುವುದಿಲ್ಲವೆಂಬ ಭರವಸೆಯೊಂದಿಗೆ ಮುಗಿಸುತ್ತೇನೆ.

ಇಂತಿ, ಒಮ್ಮೆ ನಂಬಿ ಕೆಟ್ಟರೂ ನಂಬುವ ಚಟ ಬಿಡದ
ತಮ್ಮ ವಿಶ್ವಾಸಿ,
ತಂತಿಯಕ್ಕ

ಮರೆತ ಮಾತು: ನಿನ್ನೆ ಸೂಪರಿಂಟೆಂಡೆಂಟರೇ ಕರೆಸಿ, ಯಾವ ಚೀಟಿಗೆ ಏನರ್ಥವೆಂದು ಹೊಸ ಅಧಿಕಾರಿಗೆ ತೋರಿಸಿಕೊಡಲು ಒಂದು ಗಂಟೆ ಒಳಗೆ ಹೋಗಲು ಅನುಮತಿ ಕೊಟ್ಟರು. ಬಾಗಿಲಲ್ಲಿ ಕಾವಲಿನವರು ಒಂದು ಪುಸ್ತಕ ಚಾಚಿ ಸಹಿ ಕೇಳಿದರು, ಹೆಸರು, ಬಂದ ಸಮಯ, ಯಾರ ಕಡೆಯವರು ಎಂದೆಲ್ಲ ಬರೆದು, ನನ್ನ ಕೈಯಾರೆ ಕಟ್ಟಿದ ಕೋಣೆಯೊಳಗೆ ಕೊರಳಿಗೆ ಒಂದು ಬಿಲ್ಲೆ ತೂಗಿಸಿಕೊಂಡು ಹೋದೆ. ತಮ್ಮ ಮುಂದಿನ ಮುದ್ರಣದ ಪದಕೋಶದಲ್ಲಿ ಜಾಗವಿದ್ದರೆ ಇದನ್ನೂ ಸೇರಿಸಿಕೊಳ್ಳಿ: ಪ್ರಮಾಣಪತ್ರವಿಲ್ಲದೆ ಕೆಲಸ ಮಾತ್ರ ಬಲ್ಲವರಿಗೆ ಆ ಬಿಲ್ಲೆಯ ಮೇಲೆ ‘ಸಂದರ್ಶಕರು’ ಎಂದು ಬರೆದಿರುತ್ತಾರೆ.