ಕೆರೆಗೆ ಜನ ಬೇಕಾಗಿದ್ದಾರೆ

ನಕ್ಷೆಗಾರನ ನಾಲಗೆ ಎಂದೂ ಅವನ ಮಾತು ಕೇಳಿದ್ದಿಲ್ಲ. ಅವತ್ತು ಬೆಳಗ್ಗೆಯಂತೂ ಪೂರ್ತಿ ಕೈಮೀರಿ ಹೋಯಿತು.

ಪುರಸಭೆಯ ಕಚೇರಿಯಲ್ಲಿ ಅವನ ಮೇಜಿನ ಮೇಲೆ ಊರಿನ ನಕ್ಷೆ ಹಾಸಿತ್ತು. ಸಾಹೇಬರು ಬಂದು ಮೂಲೆಯ ಕೆರೆಯ ಮೇಲೆ ಬೆರಳಿಟ್ಟು, "ಈ ನೀಲಿ ಅಳಿಸಿ ಬೂದು ಬಣ್ಣ ಬಳೀರಿ. ಕೆರೆ ಮುಚ್ಚಿ ಲಾರಿ ನಿಲ್ಲಿಸೋ ಜಾಗ ಮಾಡ್ತೀವಿ" ಎಂದರು.

ನಕ್ಷೆಗಾರನಿಗೆ ಚರ್ಮ ಸುಲಿದ ಹಾಗಾಯಿತು. ದಿನಾ ನಸುಕಿನಲ್ಲಿ, ಊರು ಮಗ್ಗುಲು ಬದಲಿಸುವ ಹೊತ್ತಿಗೆ, ಅವನು ಆ ಕೆರೆಯಲ್ಲಿ ಈಜಿ ಬರುತ್ತಿದ್ದ. ಕಚೇರಿಯ ಬೈಗುಳ, ಮನೆಯ ರಗಳೆ ಎಲ್ಲವನ್ನೂ ಬಟ್ಟೆಯ ಜೊತೆ ದಡದಲ್ಲಿ ಬಿಟ್ಟು ನೀರಿಗಿಳಿದರೆ, ಅಷ್ಟು ಹೊತ್ತು ಅವನು ಯಾರ ಕೈಕೆಳಗಿನವನೂ ಅಲ್ಲ. ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗಂತೂ ಗೊತ್ತಾಗುವ ಹಾಗೇ ಇರಲಿಲ್ಲ. ನೀರೆಂದರೆ ಆಕೆಗೆ ಬಕೆಟ್ಟಿನದ್ದೂ ಭಯ. ಮದುವೆಯಾದ ಹೊಸದರಲ್ಲೇ, ಇನ್ನು ನೀರಿಗಿಳಿಯುವುದಿಲ್ಲ ಎಂದು ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು. ಅವಳ ಲೆಕ್ಕದಲ್ಲಿ ಅವನು ಹೋಗುವುದು ವಾಕಿಂಗಿಗೆ; ತಲೆ ಒದ್ದೆಯಾಗಿರುವುದು ಬೆವರಿಗೆ.

"ಸಾರ್, ಕೆರೆ ಮುಚ್ಚೋದು ಅಂದ್ರೆ..."

"ಆ ಕೆರೆಗೆ ಯಾರ್ರೀ ಹೋಗ್ತಾರೆ?"

"ದಿನಾ ನೂರಾರು ಜನ ಸಾರ್!" ಎಂದುಬಿಟ್ಟಿತು ನಾಲಗೆ.

ಸಾಹೇಬರು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. "ಹೌದಾ? ಹಾಗಿದ್ರೆ ಸಂಜೆ ನಾನೇ ಬಂದು ನೋಡ್ತೀನಿ. ಜನ ಕಂಡ್ರೆ ಸರಿ. ಕಾಣದಿದ್ರೆ ಕೆರೆಗಿಂತ ಮುಂಚೆ ನಿಮ್ಮನ್ನ ಮುಚ್ತೀನಿ."

ಅರ್ಧ ದಿನ ರಜೆ ಹಾಕಿ ನಕ್ಷೆಗಾರ ತನ್ನ ಬೀದಿಗೆ ಓಡಿದ. ಕಾದ ಕಾವಲಿಯ ಮೇಲೆ ಬಿದ್ದ ನೀರಿನ ಹನಿಯ ಹಾಗೆ ಒಂದು ಕಡೆ ನಿಲ್ಲಲಾರ.

ಮೊದಲು ಸಿಕ್ಕವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಚಿಕ್ಕಂದಿನಲ್ಲಿ ಕೆರೆಯನ್ನು ಆಚೆ ದಡದವರೆಗೆ ಈಜಿದ ಕತೆಯನ್ನು ಅವರು ಬೀದಿಗೆಲ್ಲ ಬಾಯಿಪಾಠ ಮಾಡಿಸಿದ್ದರು.

"ಅದನ್ನ ಮುಚ್ತಾರಾ? ಅದು ಕೆರೆಯಲ್ಲ ಕಣಯ್ಯಾ, ನನ್ನ ಬಾಲ್ಯ!"

"ಹಾಗಿದ್ರೆ ಸಂಜೆ ಬಂದುಬಿಡಿ ಮೇಷ್ಟ್ರೇ."

"ಇವತ್ತಾ? ಸೊಂಟ ಹಿಡ್ಕೊಂಡಿದೆ. ನೀನು ಹೋರಾಡು, ನನ್ನ ಬೆಂಬಲ ಇದ್ದೇ ಇದೆ."

ಬೀದಿ ಕೊನೆಯ ಕ್ಷೌರಿಕ, "ಕೆರೆಗೆ ಕೈ ಹಚ್ಚಿದ್ರೆ ರಕ್ತ ಹರಿಯತ್ತೆ!" ಎಂದು ಕತ್ತಿ ಝಳಪಿಸಿದ. ಕುರ್ಚಿಯಲ್ಲಿದ್ದ ಗಿರಾಕಿ ಕಣ್ಣು ಮುಚ್ಚಿಕೊಂಡ. ಸಂಜೆ ಬಾ ಎಂದರೆ ಮಾತ್ರ, "ಸಂಜೆ ಗಿರಾಕಿ ಜಾಸ್ತಿ ಅಣ್ಣಾ. ಭಾನುವಾರ ನೋಡೋಣ" ಎಂದ.

ಮಹಡಿ ಮನೆಯ ಅಮ್ಮನವರಿಗೆ ಆಶ್ಚರ್ಯವೇ ಆಯಿತು. "ನಮ್ಮ ಬಾಲ್ಕನಿಯಿಂದಲೇ ಕಾಣತ್ತಲ್ಲಪ್ಪ ಕೆರೆ! ಅಲ್ಲಿಗೆ ಹೋಗಿ ಏನು ನೋಡೋದು?"

ಹೀಗೆ ಮನೆಮನೆ ಸುತ್ತುವಷ್ಟರಲ್ಲಿ ಬಿಸಿಲು ಇಳಿಯಿತು. ಎಲ್ಲರಿಗೂ ಕೆರೆ ಬೇಕು, ಆದರೆ ಕೆರೆಗೆ ಹೋಗುವವರು ಮಾತ್ರ ಬೇರೆ ಯಾರಾದರೂ ಆಗಬೇಕು.

ದಡದ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ನಾಲ್ಕು ಬಾತುಕೋಳಿಗಳು ಅವನನ್ನು ನೋಡಿ, ಇವನೇನು ಈ ಹೊತ್ತಿನಲ್ಲಿ ಎಂಬಂತೆ ಕತ್ತು ತಿರುಗಿಸಿದವು. ಸಾಹೇಬರ ಜೀಪು ಇನ್ನೇನು ಬರಬೇಕು. ನೂರು ಜನ ಇಲ್ಲದಿದ್ದರೆ ಒಬ್ಬನಾದರೂ ಇರಲಿ ಎಂದು ನಕ್ಷೆಗಾರ ಪ್ಯಾಂಟು, ಅಂಗಿ ಕಳಚಿಟ್ಟು ನೀರಿಗೆ ಹಾರಿದ. ನಡುಗೆರೆಗೆ ಹೋಗಿ, ನೋಡಿದವರಿಗೆ ಸುಖವಾಗಿದ್ದಾನೆ ಅನ್ನಿಸಲಿ ಎಂದು ಅಂಗಾತ ತೇಲುತ್ತ ಕಣ್ಣು ಮುಚ್ಚಿದ.

ಬಾಲ್ಕನಿಯಿಂದ ನೋಡಿದ ಮಹಡಿ ಮನೆಯ ಅಮ್ಮನವರಿಗೆ ಸುಖ ಕಾಣಲಿಲ್ಲ. ದಡದಲ್ಲಿ ಪ್ಯಾಂಟು ಕಂಡಿತು, ನೀರಿನಲ್ಲಿ ಅಲುಗದ ದೇಹ ಕಂಡಿತು.

"ಅಯ್ಯೋ! ನಕ್ಷೆಗಾರ ಕೆರೆಗೆ ಹಾರ್ಕೊಂಡ!"

ಆ ಕೂಗಿಗೆ ಬೀದಿ ಖಾಲಿಯಾಯಿತು. ಪಕ್ಕದ ಬೀದಿಗಳೂ ಖಾಲಿಯಾದವು. ಸೊಂಟ ಹಿಡಿದುಕೊಂಡ ಮೇಷ್ಟ್ರು ಎಲ್ಲರಿಗಿಂತ ಮುಂದೆ ಓಡಿದರು. ಕ್ಷೌರಿಕ ಓಡಿದ, ಅರ್ಧ ಗಡ್ಡದ ಗಿರಾಕಿ ಇನ್ನರ್ಧ ಕೇಳುತ್ತ ಅವನ ಹಿಂದೆ ಓಡಿದ. ಕ್ಷಣದಲ್ಲಿ ದಡದ ತುಂಬ ತಲೆಗಳು.

ಕಿವಿಗೆ ನೀರು ತುಂಬಿದ್ದ ನಕ್ಷೆಗಾರನಿಗೆ ಇದೇನೂ ಕೇಳಿಸಲಿಲ್ಲ. ಕಣ್ಣು ತೆರೆದಾಗ ಜನಸಾಗರ! ಸಂತೋಷದಿಂದ ಕೈ ಬೀಸಿದ.

"ಕೊನೇ ಸಲ ಕೈ ಬೀಸ್ತಿದಾನೆ! ಯಾರಾದ್ರೂ ಹಾರ್ರೋ!" ಎಂದರು ಮೇಷ್ಟ್ರು.

"ನೀವು ಈಜುಗಾರರಲ್ವಾ?" ಎಂದ ಕ್ಷೌರಿಕ.

"ನಾನು ದಡದಿಂದ ದಾರಿ ಹೇಳ್ತೀನಿ!"

ಗಿರಾಕಿಗಳ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಕ್ಷೌರಿಕ ಹಾರಿದ. ಹಾರಿದ ಮೇಲೆ ತನಗೆ ಈಜು ಬರುವುದಿಲ್ಲ ಎಂಬುದು ನೆನಪಾಯಿತು. ನಕ್ಷೆಗಾರ ಬಾಣದಂತೆ ಬಂದು ಅವನ ಜುಟ್ಟು ಹಿಡಿದರೆ, ಅವನು ಇವನ ಕುತ್ತಿಗೆಗೇ ಜೋತುಬಿದ್ದ. ಮುಳುಗುತ್ತ ಏಳುತ್ತ, ಯಾರು ಯಾರನ್ನು ಎಳೆಯುತ್ತಿದ್ದಾರೆಂದು ತಿಳಿಯದ ಹಾಗೆ ಇಬ್ಬರೂ ದಡ ಸೇರಿದರು.

ಉಸಿರು ಬಂದೊಡನೆ ಕ್ಷೌರಿಕ ಘೋಷಿಸಿದ: "ಸಾಯ್ತಿದ್ದ. ನಾನೇ ಎಳ್ಕೊಂಡು ಬಂದೆ!"

ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಅಲ್ಲ ಎನ್ನಲು ನಕ್ಷೆಗಾರ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಜನರನ್ನು ಸೀಳಿಕೊಂಡು ಬಂದಳು. "ರೀ, ನಾನೇನು ಕಡಿಮೆ ಮಾಡಿದ್ದೆ ನಿಮಗೆ?" ನಕ್ಷೆಗಾರ ಬೇಗ ಬೇಗ ಯೋಚಿಸಿದ. ಸಾಯಲು ಹೋಗಿದ್ದೆ ಎಂದರೆ ಅಳುತ್ತಾಳೆ. ಈಜುತ್ತಿದ್ದೆ ಎಂದರೆ ಕೊಲ್ಲುತ್ತಾಳೆ. ದಡದಲ್ಲಿ ಬಿಟ್ಟಿದ್ದ ಪ್ಯಾಂಟು ಹುಡುಕತೊಡಗಿದ.

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಇಳಿದವರು ಜನರನ್ನು ಕಂಡು ಕನ್ನಡಕ ಒರೆಸಿಕೊಂಡರು.

"ಸಾರ್, ಕೆರೆ ಮುಚ್ತೀರಿ ಅಂತ ಈ ಮನುಷ್ಯ ಪ್ರಾಣ ಕೊಡೋಕೆ ಹೊರಟಿದ್ದ!" ಎಂದರು ಮೇಷ್ಟ್ರು, ಗದ್ಗದಿತರಾಗಿ. "ನಾವೆಲ್ಲ ದಿನಾ ಬರೋ ಜಾಗ ಇದು!"

"ದಿನಾ!" ಎಂದರು ಮಹಡಿ ಮನೆಯ ಅಮ್ಮನವರು. "ದಿನಾ!" ಎಂದಿತು ಅರ್ಧ ಗಡ್ಡ.

ಸಾಹೇಬರ ಮನಸ್ಸು ಕರಗಿತು. ಕೆರೆ ಮುಚ್ಚುವುದಿಲ್ಲ ಎಂದು ಅಲ್ಲೇ ಮಾತು ಕೊಟ್ಟರು. ಚಪ್ಪಾಳೆಗೆ ಬಾತುಕೋಳಿಗಳು ಹಾರಿಹೋದವು. ನಕ್ಷೆಗಾರನ ಕಣ್ಣಲ್ಲಿ ನೀರು ಬಂತು. ನಾಳೆ ನಸುಕಿನಲ್ಲಿ ಎರಡು ಸುತ್ತು ಹೆಚ್ಚಿಗೆ ಈಜಬೇಕು ಅಂದುಕೊಂಡ.

"ಆದ್ರೆ ಇನ್ಮೇಲೆ ಯಾರೂ ನೀರಿಗಿಳಿಯೋ ಹಾಗಿಲ್ಲ. ಇವತ್ತೇ ಎರಡು ಹೆಣ ಬೀಳ್ತಿತ್ತು" ಎಂದರು ಸಾಹೇಬರು. ಯಾರಿಗೂ ತಕರಾರಿರಲಿಲ್ಲ. ನೀರಿಗಿಳಿಯುವವರು ಅಲ್ಲಿ ಯಾರಿದ್ದರು?

"ಒಬ್ಬ ಇದಾನೆ ಸಾರ್," ಎಂದರು ಮೇಷ್ಟ್ರು ದನಿ ತಗ್ಗಿಸಿ. "ದಿನಾ ನಸುಕಲ್ಲಿ ಬಂದು ಕದ್ದು ಈಜ್ತಾನೆ. ಕಿಟಕಿಯಿಂದ ಸದ್ದು ಕೇಳತ್ತೆ, ಕತ್ತಲಲ್ಲಿ ಮುಖ ಮಾತ್ರ ಕಾಣಲ್ಲ."

ಸಾಹೇಬರು ನಕ್ಷೆಗಾರನ ಒದ್ದೆ ಹೆಗಲ ಮೇಲೆ ಕೈಯಿಟ್ಟರು. "ಕೆರೆ ಮೇಲೆ ಇಷ್ಟು ಪ್ರೀತಿ ಇರೋ ನಿಮಗಿಂತ ಕಾವಲಿಗೆ ಬೇರೆ ಯಾರು ಬೇಕ್ರೀ? ನಾಳೆ ನಸುಕಿಂದ ನಿಮ್ಮ ಡ್ಯೂಟಿ ಇಲ್ಲೇ. ಅವನನ್ನ ಹಿಡಿದು ನನ್ನ ಮುಂದೆ ನಿಲ್ಲಿಸದೆ ಕಚೇರಿಗೆ ಕಾಲಿಡಬೇಡಿ."

ನಕ್ಷೆಗಾರನ ನಾಲಗೆ ಹುಟ್ಟಿದಾಗಿನಿಂದ ಮೊದಲ ಸಲ ಅಲುಗಲಿಲ್ಲ.

ಹೆಂಡತಿ ಸೆರಗಿನಿಂದ ಅವನ ತಲೆ ಒರೆಸುತ್ತ, ಹಲ್ಲು ಕಚ್ಚಿ ಹೇಳಿದಳು: "ಬಿಡಬೇಡಿ ರೀ ಅವನನ್ನ. ಮನೇಲಿ ಹೆಂಡತಿಗೆ ಏನೋ ಒಂದು ಸುಳ್ಳು ಹೇಳಿ ಬರ್ತಿರ್ತಾನೆ, ದರಿದ್ರದವನು. ನಾಳೆಯಿಂದ ನಾನೂ ನಿಮ್ಮ ಜೊತೆ ಬರ್ತೀನಿ!"